ಬ್ರಿಟನ್ನಿನಲ್ಲಿ ಒಂದು ವರ್ಷದ ವನ್ಯಜೀವಿ ಛಾಯಾಗ್ರಹಣ: ಯಾವ ಕಾಲಕ್ಕೆ ಯಾವ ಜಾಗ?

ಬ್ರಿಟನ್ನಿನ ವನ್ಯಜೀವಿಗಳ ಫೋಟೊ ತೆಗೆಯಲು ಒಂದು ವರ್ಷದ ಯೋಜನೆ ಹಾಕುವವರು ಹೆಚ್ಚಾಗಿ ಪ್ರಾಣಿಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ಪಫಿನ್ ಎಂಬ ಕಡಲಹಕ್ಕಿ, ನೀರುನಾಯಿ, ರೆಡ್ ಡೀರ್ ಜಿಂಕೆ, ಸೀಲ್ ಮರಿ, ಮೀನು ಹಿಡಿಯುವ ಆಸ್ಪ್ರೆ ಗಿಡುಗ ಎಂದು ಬರೆದುಕೊಂಡು ಹನ್ನೆರಡು ತಿಂಗಳಿಗೆ ಹಂಚುತ್ತಾರೆ. ಹೀಗೆ ಹೋದರೆ ಪ್ರಾಣಿ ಕಾಣುತ್ತದೆ, ಒಳ್ಳೆಯ ಚಿತ್ರ ಮಾತ್ರ ಸಿಗುವುದಿಲ್ಲ. ಒಂದೊಂದು ಪ್ರಾಣಿಯೂ ನಾಲ್ಕೈದು ಕಡೆ ಇದೆ. ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ನಮ್ಮನ್ನು ಅಲ್ಲಿ ನಿಲ್ಲಗೊಡುವ ಜಾಗ ಅವುಗಳಲ್ಲಿ ಒಂದೋ ಎರಡೋ. ದೋಣಿ ಬೆಳಿಗ್ಗೆ ಹತ್ತಕ್ಕೆ ದ್ವೀಪಕ್ಕೆ ಇಳಿಸಿ ಮಧ್ಯಾಹ್ನ ಮೂರಕ್ಕೆ ವಾಪಸು ಕರೆದುಕೊಂಡು ಬಂದರೆ, ಜೂನ್ ತಿಂಗಳ ನೆತ್ತಿಯ ಬಿಸಿಲಿನಲ್ಲಿ ಕಪ್ಪು ಬಿಳುಪಿನ ಪಫಿನ್ನನ್ನು ಹಿಡಿಯಲು ಹೆಣಗಾಡಬೇಕಾಗುತ್ತದೆ.

ಆದ್ದರಿಂದ ಯಾವ ಎರಡು ಜಾಗಗಳನ್ನು ಹೋಲಿಸುವಾಗಲೂ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಸೂರ್ಯ ಹುಟ್ಟಿದ ಎರಡು ಗಂಟೆ, ಮುಳುಗುವ ಮುಂಚಿನ ಎರಡು ಗಂಟೆ ಅಲ್ಲಿರಲು ಸಾಧ್ಯವೇ? ಗಾಳಿ, ಉಬ್ಬರ, ಹಿಮ ಇವುಗಳಲ್ಲಿ ಯಾವುದು ಕೆಲಸ ಕೆಡಿಸಬಹುದು, ಕೆಡಿಸಿದರೆ ಅದೇ ದಿನ ಹತ್ತಿರದಲ್ಲಿ ಬೇರೇನು ಸಿಗುತ್ತದೆ? ಮನೆ ಬಾಗಿಲಿನಿಂದ ಅಲ್ಲಿಗೆ ಎಷ್ಟು ಗಂಟೆ? ವರ್ಷಕ್ಕೆ ಐದಾರು ಪ್ರವಾಸ ಸಾಕು. ಹನ್ನೆರಡಕ್ಕೆ ಹಂಚುವ ಹಣವನ್ನು ಆರಕ್ಕೆ ಹಾಕಿ, ಪ್ರತಿ ಜಾಗದಲ್ಲೂ ಒಂದು ದಿನ ಹೆಚ್ಚು ನಿಲ್ಲುವುದು ಮೇಲು.

ಬೆಳಕಿನ ಲೆಕ್ಕ

ಲಂಡನ್ನಿನಲ್ಲಿ ಜೂನ್ ಕೊನೆಗೆ ಸೂರ್ಯ ಹುಟ್ಟುವುದು ಮುಂಜಾನೆ 4.45ರ ಸುಮಾರಿಗೆ, ಮುಳುಗುವುದು ರಾತ್ರಿ 9.20ಕ್ಕೆ. ಡಿಸೆಂಬರ್ ಕೊನೆಗೆ ಎಂಟು ಗಂಟೆಗೆ ಹುಟ್ಟಿ ನಾಲ್ಕಕ್ಕೆ ಮುಂಚೆಯೇ ಮುಳುಗುತ್ತದೆ. ಉತ್ತರಕ್ಕೆ ಹೋದಷ್ಟೂ ಈ ಅಂತರ ಹಿಗ್ಗುತ್ತದೆ. ಶೆಟ್ಲೆಂಡಿನ ಲೆರ್ವಿಕ್‌ನಲ್ಲಿ ಜೂನ್ ತಿಂಗಳ ಹಗಲು ಹತ್ತಿರ ಹತ್ತಿರ 19 ಗಂಟೆ, ಡಿಸೆಂಬರಿನಲ್ಲಿ ಆರು ಗಂಟೆಯೂ ಇಲ್ಲ.

ಇದರಿಂದ ಎರಡು ಮಾತು ಹೊರಡುತ್ತವೆ. ಬೇಸಿಗೆಯಲ್ಲಿ ಒಳ್ಳೆಯ ಬೆಳಕು ಬೆಳಿಗ್ಗೆ ಏಳಕ್ಕೆ ಮುಗಿದೇ ಹೋಗುತ್ತದೆ. ಮೊದಲ ದೋಣಿ, ಮೊದಲ ಬಸ್ಸು ಯಾವುದೂ ಆ ಹೊತ್ತಿಗೆ ಹೊರಟಿರುವುದಿಲ್ಲ. ಹಾಗಾಗಿ ಬೇಸಿಗೆಗೆ ರಾತ್ರಿ ಅಲ್ಲೇ ತಂಗಬಹುದಾದ ಅಥವಾ ನಡೆದೇ ತಲುಪಬಹುದಾದ ಜಾಗ ಬೇಕು. ಚಳಿಗಾಲದಲ್ಲಿ ಸೂರ್ಯ ದಿನವಿಡೀ ಕೆಳಗೇ ಇರುವುದರಿಂದ ಮಧ್ಯಾಹ್ನ ಹನ್ನೆರಡಕ್ಕೂ ಓರೆ ಬೆಳಕು ಸಿಗುತ್ತದೆ. ಆದರೆ ಇರುವುದೇ ಆರರಿಂದ ಎಂಟು ಗಂಟೆ ಹಗಲು, ಅದನ್ನು ಕಾರಿನಲ್ಲಿ ಕಳೆಯಬಾರದು. ಚಳಿಗಾಲದ ಒಂದು ದಿನದ ಪ್ರವಾಸ ಹತ್ತಿರದ್ದಾಗಿರಲಿ, ದೂರದ್ದಾದರೆ ಮೂರು ದಿನವಾದರೂ ಇರಲಿ.

ಪಫಿನ್: ಸ್ಕೋಮರ್, ಫಾರ್ನ್, ಬೆಂಪ್ಟನ್, ಲುಂಗಾ

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಇದು, ಏಕೆಂದರೆ ಬುಕಿಂಗ್ ಬೇಗ ತುಂಬುವುದು ಇಲ್ಲಿಯೇ. ಪಫಿನ್‌ಗಳು ಏಪ್ರಿಲ್‌ನಲ್ಲಿ ದಡಕ್ಕೆ ಬಂದು ಜುಲೈ ಮೂರನೆಯ ವಾರ ದಾಟುವಷ್ಟರಲ್ಲಿ ಬಹುಪಾಲು ಸಮುದ್ರಕ್ಕೆ ಹೊರಟುಬಿಡುತ್ತವೆ. ಕೊಕ್ಕಿನ ತುಂಬ ಸ್ಯಾಂಡ್ ಈಲ್ ಮೀನು ಕಚ್ಚಿಕೊಂಡು ಬರುವ ಚಿತ್ರ ಬೇಕಿದ್ದರೆ ಬಿಲದಲ್ಲಿ ಮರಿ ಇರಬೇಕು. ಅದಕ್ಕೆ ಜೂನ್ ನಡುವಿನಿಂದ ಜುಲೈ ಎರಡನೆಯ ವಾರದವರೆಗೆ ಸಮಯ. ಮೇ ತಿಂಗಳಲ್ಲಿ ಹೋದರೆ ಮೀನು ಕಾಣುವುದು ಅಪರೂಪ, ಆದರೆ ಹೂ ಅರಳಿದ ನೆಲ ಸಿಗುತ್ತದೆ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ.

ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿಯ ಸ್ಕೋಮರ್ ದ್ವೀಪದಲ್ಲಿ 40 ಸಾವಿರಕ್ಕೂ ಹೆಚ್ಚು ಪಫಿನ್‌ಗಳಿವೆ. ಮಾರ್ಟಿನ್ಸ್ ಹೇವನ್‌ನಿಂದ ದೋಣಿ. ದಿನಕ್ಕೆ ಇಳಿಯಲು ಬಿಡುವವರ ಸಂಖ್ಯೆಗೆ ಮಿತಿ ಇದೆ. ಇಳಿದ ಕೂಡಲೇ ಎಂಬತ್ತಕ್ಕೂ ಹೆಚ್ಚು ಕಡಿದಾದ ಮೆಟ್ಟಿಲು, ಆಮೇಲೆ ದ್ವೀಪದ ಸುತ್ತ ನಡಿಗೆ. ದ್ವೀಪದಲ್ಲಿ ಊಟ ಸಿಗುವುದಿಲ್ಲ. ‘ದ ವಿಕ್’ ಎನ್ನುವ ಕಮರಿಯ ಅಂಚಿನಲ್ಲಿ ಹಕ್ಕಿಗಳು ನಡೆದಾಡುವ ಹಾದಿಯನ್ನೇ ದಾಟಿ ಬಿಲಕ್ಕೆ ಓಡುತ್ತವೆ. 600 ಎಂಎಂ ಲೆನ್ಸ್ ಅಲ್ಲಿ ಉದ್ದವಾಗಿ ಬಿಡುತ್ತದೆ, 100-400 ಸಾಕು. ಇಲ್ಲಿ ಜನ ಮಾಡುವ ತಪ್ಪು ಒಂದೇ: ಮೀನು ಹಿಡಿದು ಇಳಿದ ಹಕ್ಕಿಗೂ ಅದರ ಬಿಲಕ್ಕೂ ನಡುವೆ ನಿಂತುಬಿಡುತ್ತಾರೆ. ಹಕ್ಕಿ ದಾಟಲಾಗದೆ ಆ ಕಡೆಯೇ ಕಾಯುತ್ತದೆ, ಅಷ್ಟರಲ್ಲಿ ಗಲ್ ಎಂಬ ಕಡಲಹಕ್ಕಿ ಬಂದು ಮೀನು ಕಸಿಯುತ್ತದೆ. ಹಕ್ಕಿ ತಲೆ ಆಚೀಚೆ ಆಡಿಸುತ್ತ ನಿಮ್ಮ ಕಡೆ ನೋಡುತ್ತಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಓಡಿ ದಾಟುತ್ತದೆ. ಚಿತ್ರವೂ ಆಗಲೇ ಸಿಗುವುದು. ಹಾದಿ ಬಿಟ್ಟು ಒಂದಡಿಯೂ ಇಡಬೇಡಿ. ನೆಲದಡಿ ಎಲ್ಲ ಬಿಲ, ಕಾಲಿಟ್ಟರೆ ಕುಸಿಯುತ್ತದೆ.

ಸ್ಕೋಮರ್‌ನ ಹಗಲು ಟಿಕೆಟ್ಟಿಗೂ ಅಲ್ಲಿಯೇ ತಂಗುವುದಕ್ಕೂ ಅಜಗಜಾಂತರ. ಹಗಲು ಬಂದವರಿಗೆ ನಾಲ್ಕೈದು ಗಂಟೆ, ಅದೂ ನೆತ್ತಿಯ ಬಿಸಿಲು. ದ್ವೀಪದ ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಉಳಿದವರಿಗೆ ಸಂಜೆಯ ಬೆಳಕು, ಖಾಲಿ ಹಾದಿ. ಕತ್ತಲಾದ ಮೇಲೆ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳು ಲಕ್ಷಗಟ್ಟಲೆ ಗೂಡಿಗೆ ಮರಳುವ ಗದ್ದಲ ಬೇರೆ. ಈ ಕೋಣೆಗಳು ತಿಂಗಳುಗಟ್ಟಲೆ ಮುಂಚೆ ಮುಗಿಯುತ್ತವೆ. ಕೋಣೆ ಸಿಕ್ಕರೆ ಬ್ರಿಟನ್ನಿನಲ್ಲಿ ಪಫಿನ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಸಿಗದಿದ್ದರೆ ಸ್ಕೋಮರ್ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಏಕೆಂದರೆ ಉತ್ತರದ ಗಾಳಿ ಬೀಸಿದ ದಿನ ದೋಣಿಯೇ ಹೊರಡುವುದಿಲ್ಲ. ಲಂಡನ್ನಿನಿಂದ ಐದು ಗಂಟೆಗೂ ಮೀರಿ ಕಾರು ಓಡಿಸಿ ಬಂದು ಬಂದರಿನಲ್ಲಿ ನಿಂತು ದ್ವೀಪ ನೋಡಿ ಹಿಂತಿರುಗಬೇಕಾಗುತ್ತದೆ. ಕನಿಷ್ಠ ಎರಡು ದಿನ ಕೈಯಲ್ಲಿಟ್ಟುಕೊಂಡು, ಮೊದಲ ದಿನಕ್ಕೆ ಟಿಕೆಟ್ ತೆಗೆದುಕೊಳ್ಳಿ.

ನಾರ್ತಂಬರ್ಲೆಂಡಿನ ಫಾರ್ನ್ ದ್ವೀಪಗಳಿಗೆ ಸೀಹೌಸಸ್ ಊರಿನಿಂದ ದೋಣಿ. ಹಕ್ಕಿಜ್ವರದಿಂದಾಗಿ 2022ರಲ್ಲಿ ಇಳಿಯುವುದು ನಿಂತು, ಇನ್ನರ್ ಫಾರ್ನ್ ದ್ವೀಪ 2024ರಲ್ಲಿ ಮತ್ತೆ ತೆರೆಯಿತು. ದ್ವೀಪದಲ್ಲಿ ಸಿಗುವ ಸಮಯ ಕಡಿಮೆ. ಆದರೆ ಪಫಿನ್ ಜೊತೆಗೆ ಶ್ಯಾಗ್, ಗಿಲ್ಲಿಮಾಟ್, ಆರ್ಕ್ಟಿಕ್ ಟರ್ನ್ ಎಲ್ಲವೂ ಕೈಯಳತೆಯಲ್ಲಿ. ಟರ್ನ್‌ಗಳು ಗೂಡು ಕಾಯಲು ನೇರ ತಲೆಗೇ ಕುಕ್ಕುತ್ತವೆ, ರಕ್ತ ಬರುವಂತೆ. ದಪ್ಪ ಟೋಪಿ ಬೇಕೇ ಬೇಕು. ಒಂದೇ ದಿನದಲ್ಲಿ ಹೆಚ್ಚು ಬಗೆಯ ಹಕ್ಕಿ ಬೇಕೆನ್ನುವವರಿಗೆ ಫಾರ್ನ್, ಪಫಿನ್ ಒಂದನ್ನೇ ಮನಸಾರೆ ತೆಗೆಯಬೇಕೆನ್ನುವವರಿಗೆ ಸ್ಕೋಮರ್.

ಯಾರ್ಕ್‌ಶೈರಿನ ಬೆಂಪ್ಟನ್ ಕ್ಲಿಫ್ಸ್‌ಗೆ ದೋಣಿಯೇ ಬೇಡ. ಸುಮಾರು ನೂರು ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಯ ಮೇಲಿನಿಂದ ಕಟಾಂಜನದ ಪಕ್ಕ ನಿಂತು ನೋಡುವುದು. ಬೆಂಪ್ಟನ್ ರೈಲು ನಿಲ್ದಾಣದಿಂದ ಎರಡು ಮೈಲಿಗಿಂತ ಕಡಿಮೆ ನಡಿಗೆ. ಇಲ್ಲಿ ಪಫಿನ್ ಇವೆ, ಆದರೆ ಬಂಡೆಯ ಬಿರುಕುಗಳಲ್ಲಿ ದೂರ. 600 ಎಂಎಂನಲ್ಲೂ ಚಿಕ್ಕದಾಗಿ ಕಾಣುತ್ತವೆ. ಪಫಿನ್ ಆಸೆಗೆ ಬೆಂಪ್ಟನ್‌ಗೆ ಹೋಗುವುದು ಬೇಡ, ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಾಗಿ ಹೋಗಿ. ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗ ಅದು ಬಂಡೆಗೆ ಬಡಿದು ಮೇಲೇಳುತ್ತದೆ. ಆ ಮೇಲ್ಗಾಳಿಯಲ್ಲಿ ಗ್ಯಾನೆಟ್‌ಗಳು ರೆಕ್ಕೆ ಬಡಿಯದೆ ನಮ್ಮ ಕಣ್ಣೆತ್ತರಕ್ಕೇ ತೇಲುತ್ತ ನಿಲ್ಲುತ್ತವೆ. ಒಳನಾಡಿನ ಕಡೆಯಿಂದ ಗಾಳಿ ಇದ್ದ ದಿನ ಈ ಆಟ ಇಲ್ಲ. ಬೆಳಿಗ್ಗೆ ಬೇಗ ಹೋಗಬೇಕು, ಮಧ್ಯಾಹ್ನದ ನಂತರ ಬಂಡೆಯ ಮುಖ ನೆರಳಿಗೆ ಬೀಳುತ್ತದೆ. ಬಿಳಿ ಹಕ್ಕಿ, ಹಿಂದೆ ಕಪ್ಪು ಸಮುದ್ರ ಇದ್ದಾಗ ಕ್ಯಾಮೆರಾ ಬಿಳಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಇಮ್ಮಡಿಯಾಗುವುದು) ಇಳಿಸಿಕೊಂಡು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿ. ಹೊಸಬರಿಗೆ ಹಾರುವ ಹಕ್ಕಿಯ ಅಭ್ಯಾಸಕ್ಕೆ ಇಷ್ಟು ಒಳ್ಳೆಯ, ಇಷ್ಟು ಅಗ್ಗದ ಜಾಗ ಇಂಗ್ಲೆಂಡಿನಲ್ಲಿ ಮತ್ತೊಂದಿಲ್ಲ.

ಲುಂಗಾ ಇರುವುದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಮಲ್ ದ್ವೀಪದಾಚೆಯ ಟ್ರೆಶ್ನಿಶ್ ದ್ವೀಪಗಳಲ್ಲಿ. ಜನ ಬಂದು ಹುಲ್ಲಿನ ಮೇಲೆ ಕೂತರೆ ಪಫಿನ್‌ಗಳು ತಾವಾಗಿ ಹತ್ತಿರ ಬರುತ್ತವೆ. ಮನುಷ್ಯರಿದ್ದಲ್ಲಿ ಬೇಟೆ ಹಕ್ಕಿಗಳು ಬರುವುದಿಲ್ಲ ಎನ್ನುವ ಧೈರ್ಯ ಅವಕ್ಕೆ. ಇಳಿಯುವ ದಡ ಮಾತ್ರ ಪಾಚಿಗಟ್ಟಿದ ಗುಂಡುಕಲ್ಲುಗಳದ್ದು. ಕ್ಯಾಮೆರಾ ಚೀಲದೊಳಗಿರಲಿ, ಎರಡೂ ಕೈ ಖಾಲಿಯಿರಲಿ. ಇದೊಂದಕ್ಕಾಗಿಯೇ ಅಷ್ಟು ದೂರ ಹೋಗುವುದು ಲಾಭವಿಲ್ಲ. ಹೇಗೂ ನೀರುನಾಯಿಗಾಗಿ ಮಲ್‌ಗೆ ಹೋಗುವವರು ಇದನ್ನು ಸೇರಿಸಿಕೊಂಡರೆ ಸ್ಕೋಮರ್, ಫಾರ್ನ್ ಎರಡನ್ನೂ ಬಿಡಬಹುದು.

ಯಾವ ದೋಣಿಯಾದರೂ ವಾಂತಿಯ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮುಂಚೆಯೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ಅದರಿಂದ ಉಪಯೋಗ ಕಡಿಮೆ. ಸಂಜೆ ಲೆನ್ಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನಂತರ ಒಣಬಟ್ಟೆಯಲ್ಲಿ. ಒಣಗಿದ ಉಪ್ಪನ್ನು ನೇರವಾಗಿ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ.

ಅಕ್ಟೋಬರ್: ರಿಚ್ಮಂಡ್ ಪಾರ್ಕೋ ಹೈಲೆಂಡ್ಸೋ

ರೆಡ್ ಡೀರ್ ಬೆದೆಗಾಲ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರ್ ನಡುವಿನಲ್ಲಿ ಜೋರಾಗುತ್ತದೆ. ಗಂಡುಗಳು ಗೂಳಿಯಂತೆ ಗುಟುರು ಹಾಕುತ್ತವೆ, ಕೊಂಬಿಗೆ ಜರೀಗಿಡದ ಸೊಪ್ಪು ಸಿಕ್ಕಿಸಿಕೊಂಡು ಓಡಾಡುತ್ತವೆ, ಒಮ್ಮೊಮ್ಮೆ ಕೊಂಬು ಕೊಂಬು ಸಿಕ್ಕಿಸಿ ಕಾದುತ್ತವೆ.

ಲಂಡನ್ ನಗರದೊಳಗಿನ ರಿಚ್ಮಂಡ್ ಪಾರ್ಕ್ 955 ಹೆಕ್ಟೇರ್. ಅದರಲ್ಲಿ ರೆಡ್ ಮತ್ತು ಫ್ಯಾಲೋ ಸೇರಿ 600ಕ್ಕೂ ಹೆಚ್ಚು ಜಿಂಕೆಗಳು. ಡಿಸ್ಟ್ರಿಕ್ಟ್ ಲೈನ್ ಮೆಟ್ರೊ ಹಿಡಿದರೆ ರಿಚ್ಮಂಡ್ ನಿಲ್ದಾಣ, ಅಲ್ಲಿಂದ ಅರ್ಧ ಗಂಟೆಯೊಳಗೆ ಗೇಟು. ಕಾರಿನ ಗೇಟು ತೆರೆಯುವುದು ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ, ನಡೆದು ಹೋಗುವವರ ಗೇಟು ಅಕ್ಟೋಬರಿನಲ್ಲಿ ರಾತ್ರಿಯೂ ತೆರೆದಿರುತ್ತದೆ. ಅಕ್ಟೋಬರ್ ನಡುವಿನಲ್ಲಿ ಸೂರ್ಯ ಹುಟ್ಟುವುದು 7.20ರ ಸುಮಾರಿಗೆ. ಕಾರಿನವರು ನಿಲ್ಲಿಸಲು ಜಾಗ ಹುಡುಕುತ್ತಿರುವಾಗ ನಡೆದು ಬಂದವರು ಮಂಜಿನ ಮೊದಲ ಬೆಳಕಿನಲ್ಲಿ ಜಿಂಕೆಯ ಉಸಿರಿನ ಹಬೆ ಹಿಡಿಯುತ್ತಿರುತ್ತಾರೆ. ಹಿಂದಿನ ರಾತ್ರಿ ಆಕಾಶ ತಿಳಿಯಾಗಿದ್ದು, ಗಾಳಿ ಇಲ್ಲದೆ, ಚಳಿ ಹೆಚ್ಚಿದ್ದರೆ ಮಂಜು ಕೂರುತ್ತದೆ. ಅಂಥ ಬೆಳಗು ನೋಡಿಕೊಂಡು ಹೊರಡುವ ಅನುಕೂಲ ಲಂಡನ್ನಿನಲ್ಲಿರುವವರಿಗೆ ಮಾತ್ರ ಉಂಟು. ಈ ಕಾರಣಕ್ಕೇ ಅವರು ಬೇರೆಲ್ಲೂ ಹೋಗಬೇಕಿಲ್ಲ.

50 ಮೀಟರ್ ದೂರ ನಿಲ್ಲಬೇಕೆಂಬುದು ಪಾರ್ಕಿನ ಸೂಚನೆ. ಅದು ಕನಿಷ್ಠ. ಗಂಡು ಮತ್ತು ಹೆಣ್ಣುಗಳ ನಡುವೆ, ಎರಡು ಗಂಡುಗಳ ನಡುವೆ ಎಂದೂ ನಿಲ್ಲಬೇಡಿ. ಗಂಡು ನಿಮಗೆ ಅಡ್ಡವಾಗಿ ಬಿಗಿಯಾಗಿ ಹೆಜ್ಜೆಯಿಡಲು ಶುರು ಮಾಡಿದರೆ ಅಥವಾ ತಲೆ ತಗ್ಗಿಸಿ ಕೊಂಬು ತೋರಿಸಿದರೆ ಕ್ಯಾಮೆರಾ ಇಳಿಸಿ ಮರದ ಹಿಂದಕ್ಕೆ ಸರಿಯಿರಿ. ಜನ ಹೆಚ್ಚು, ಹಿನ್ನೆಲೆಯಲ್ಲಿ ಬಹುಮಹಡಿ ಕಟ್ಟಡ ಇಣುಕುವುದೂ ಉಂಟು. ನೆಲಕ್ಕೆ ಹತ್ತಿರ ಕೂತರೆ ಒಣಹುಲ್ಲೇ ಮುಂದೆಯೂ ಹಿಂದೆಯೂ ಬಂದು ಇವೆಲ್ಲ ಮರೆಯಾಗುತ್ತವೆ.

ಸ್ಕಾಟ್ಲೆಂಡಿನ ಉತ್ತರದ ಬೆಟ್ಟನಾಡಾದ ಹೈಲೆಂಡ್ಸ್‌ನ ಜಿಂಕೆಗಳಿಗೆ ಬೇಟೆಯ ಭಯ ಇದೆ. ಬೆಟ್ಟದ ಮೇಲೆ ನಮ್ಮ ಆಕಾರ ಕಂಡರೆ ಅರ್ಧ ಕಿಲೋಮೀಟರ್ ಆಚೆಯಿಂದಲೇ ಹೊರಟುಬಿಡುತ್ತವೆ. ಗ್ಲೆನ್ ಎಟಿವ್‌ನಂಥ ಕಣಿವೆಗಳಲ್ಲಿ ರಸ್ತೆ ಪಕ್ಕ ಬರುವುದುಂಟು, ಆಗ ಕಾರಿನಿಂದ ಇಳಿಯದೆ ಕಿಟಕಿಯಿಂದಲೇ ತೆಗೆಯುವುದು ಒಳ್ಳೆಯದು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎಸ್ಟೇಟುಗಳು ಜಿಂಕೆ ಬೇಟೆ ನಡೆಸುವುದರಿಂದ ಬೆಟ್ಟ ಹತ್ತುವ ಮುಂಚೆ ಆ ದಿನ ಯಾವ ಕಡೆ ಬೇಟೆ ಇದೆಯೆಂದು ವಿಚಾರಿಸಿಕೊಳ್ಳಬೇಕು. ಮುಖ, ಹಬೆ, ಕಾದಾಟ ಬೇಕಾದವರು ರಿಚ್ಮಂಡಿಗೆ ಹೋಗಲಿ. ದೊಡ್ಡ ಬೆಟ್ಟದ ಕೆಳಗೆ ಚಿಕ್ಕದೊಂದು ಜಿಂಕೆ ಬೇಕಾದವರಿಗೆ ಹೈಲೆಂಡ್ಸ್, ಅವರಿಗೆ 70-200 ಲೆನ್ಸ್ ಸಾಕು, ತಾಳ್ಮೆ ಜಾಸ್ತಿ ಬೇಕು.

ನವೆಂಬರಿನ ಸೀಲ್ ಮರಿಗಳು

ಇಲ್ಲಿ ಆಯ್ಕೆ ಸುಲಭ. ಲಿಂಕನ್‌ಶೈರಿನ ಡೊನಾ ನುಕ್‌ನಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಗ್ರೇ ಸೀಲ್‌ಗಳು ಬೇಲಿಯ ಪಕ್ಕಕ್ಕೇ ಬಂದು ಮರಿ ಹಾಕುತ್ತವೆ. ನಾರ್ಫೋಕ್‌ನ ಹಾರ್ಸಿಯಲ್ಲಿ ಮರಳುದಿಬ್ಬದ ಮೇಲಿನಿಂದ ಹಗ್ಗದ ಈಚೆ ನಿಂತು ನೋಡಬೇಕು. ಹಿನ್ನೆಲೆ ಅಲ್ಲಿ ಚೆಂದ, ದೂರ ಸ್ವಲ್ಪ ಹೆಚ್ಚು. ಬ್ಲೇಕ್ನಿ ಪಾಯಿಂಟನ್ನು ದೋಣಿಯಿಂದಲೇ ನೋಡಬೇಕಾದ್ದರಿಂದ ಛಾಯಾಗ್ರಾಹಕರಿಗೆ ಅದು ಮೂರನೆಯ ಆಯ್ಕೆ. ಮರಿಯ ಬಿಳಿ ತುಪ್ಪಳ ಮೂರು ವಾರದ ಸುಮಾರಿಗೆ ಉದುರುತ್ತದೆ, ತಾಯಿ ಹಾಲು ಬಿಡಿಸಿ ಹೊರಡುವುದೂ ಆಗಲೇ. ಬಿಳಿ ಮರಿಗಳು ಹೆಚ್ಚಾಗಿ ಕಾಣುವುದು ನವೆಂಬರ್ ಎರಡು, ಮೂರನೆಯ ವಾರ. ಶನಿವಾರ, ಭಾನುವಾರ ಜನಜಾತ್ರೆ, ವಾರದ ನಡುವೆ ರಜೆ ಹಾಕಿ. ಮೋಡ ಕವಿದ ದಿನವೇ ಒಳ್ಳೆಯದು, ಬಿಸಿಲಿದ್ದರೆ ಬಿಳಿ ತುಪ್ಪಳದ ಎಳೆಗಳು ಕಾಣದೆ ಹೋಗುತ್ತವೆ. ಬೇಲಿ ದಾಟಿ ಮರಳಿಗಿಳಿಯುವುದು ಎಲ್ಲೂ ಬೇಡ. ಹೆದರಿ ನೀರಿಗಿಳಿದ ತಾಯಿ ಮರಿಯ ಬಳಿಗೆ ಮರಳದಿರಬಹುದು, ಹಾಗಾದರೆ ಮರಿ ಉಪವಾಸ ಸಾಯುತ್ತದೆ.

ಬಿಳಿ ಮೊಲ: ಕೇರ್ನ್‌ಗಾರ್ಮ್ಸ್ ಮತ್ತು ಪೀಕ್ ಡಿಸ್ಟ್ರಿಕ್ಟ್

ಮೌಂಟನ್ ಹೇರ್ ಎಂಬ ಬೆಟ್ಟದ ಮೊಲ ಚಳಿಗಾಲದಲ್ಲಿ ಬಿಳಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಅದು ಉಳಿದಿರುವುದು ಪೀಕ್ ಡಿಸ್ಟ್ರಿಕ್ಟಿನ ಬ್ಲೀಕ್ಲೋ, ಕಿಂಡರ್ ಬೆಟ್ಟಗಳ ಸುತ್ತ ಮಾತ್ರ. ಮ್ಯಾಂಚೆಸ್ಟರಿನಿಂದ ಎಡೇಲ್ ಅಥವಾ ಗ್ಲಾಸಪ್‌ಗೆ ರೈಲು ಇದೆ, ಒಂದೇ ದಿನದಲ್ಲಿ ಹೋಗಿ ಬರಬಹುದು. ಕಷ್ಟವೆಂದರೆ ಅಲ್ಲಿ ಹಿಮ ನಿಲ್ಲುವುದು ಕೆಲವೇ ದಿನ. ಉಳಿದ ದಿನ ಕಂದು ಹೀದರ್ ಗಿಡಗಳ ನಡುವೆ ಬಿಳಿ ಮೊಲ ಎದ್ದು ಕಾಣುತ್ತದೆ, ಆ ಚಿತ್ರಕ್ಕೂ ತನ್ನದೇ ಬೆಲೆ ಇದೆ. ಜೋರು ಹಿಮ ಬಿದ್ದರೆ ಸ್ನೇಕ್ ಪಾಸ್ ರಸ್ತೆ ಮುಚ್ಚುತ್ತದೆ, ಬೇಕಾದ ದಿನವೇ ತಲುಪಲಾಗುವುದಿಲ್ಲ. ಮೇಲೆ ಪೀಟ್ ಕೆಸರಿನ ಕೊರಕಲುಗಳು, ಮಂಜು ಮುಸುಕಿದರೆ ದಿಕ್ಕು ತಪ್ಪುವುದು ಖಂಡಿತ.

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಗಳಲ್ಲಿ ಮೊಲಗಳು ಹೆಚ್ಚು, ಹಿಮವೂ ಹೆಚ್ಚು. ಅದರ ಹತ್ತಿರದ ಫಿಂಡಾರ್ನ್ ಕಣಿವೆ ಇದಕ್ಕೆ ಹೆಸರಾದ ಜಾಗ. ಫೆಬ್ರವರಿ ಕೊನೆ ಒಳ್ಳೆಯ ಸಮಯ: ತುಪ್ಪಳ ಇನ್ನೂ ಬಿಳಿ, ಹಗಲು ಹತ್ತು ಗಂಟೆ ದಾಟಿರುತ್ತದೆ. ಮಾರ್ಚ್ ಮುಂದುವರಿದಂತೆ ಮೈಮೇಲೆ ಕಂದು ಮೂಡತೊಡಗುತ್ತದೆ.

ಹತ್ತಿರ ಹೋಗುವ ಕ್ರಮ ಎರಡೂ ಕಡೆ ಒಂದೇ. ಮೊಲ ಹಗಲಿಡೀ ಹಿಮದ ಅಥವಾ ಗಿಡದ ಮರೆಯ ಒಂದು ಗುಳಿಯಲ್ಲಿ ಕೂತಿರುತ್ತದೆ. ದುರ್ಬೀನಿನಲ್ಲಿ ಹುಡುಕಿ, ಕಂಡ ಮೇಲೆ ಅವಿತುಕೊಂಡು ಹೋಗಬೇಡಿ, ಅದಕ್ಕೆ ಕಾಣುವಂತೆಯೇ ಓರೆಯಾಗಿ, ನಿಧಾನವಾಗಿ ಸಾಗಿ. ಕಿವಿ ಬೆನ್ನಿಗೆ ಮಲಗಿದ್ದರೆ ಮೊಲ ನಿಶ್ಚಿಂತೆಯಾಗಿದೆ. ಕಿವಿ ನೆಟ್ಟಗಾದ ಕೂಡಲೇ ನಿಂತು ಕೂತುಬಿಡಿ, ಮತ್ತೆ ಮಲಗುವ ತನಕ ಅಲುಗಬೇಡಿ. 80 ಮೀಟರಿನಿಂದ 15 ಮೀಟರಿಗೆ ಬರಲು ಒಂದು ಗಂಟೆ ಹಿಡಿದರೆ ಅದು ಸರಿಯಾದ ವೇಗ. ಹೀಗೆ ನಂಬಿಸಿದ ಮೊಲ ಮುಂದೆಯೇ ಮೈ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ, ಮುಂಗಾಲು ಚಾಚಿ ಮೈ ಮುರಿಯುತ್ತದೆ. ಅವಸರಪಟ್ಟು ಎಬ್ಬಿಸಿದರೆ ಆ ಚಳಿಯಲ್ಲಿ ಅದು ಉಳಿಸಿಕೊಂಡ ಶಕ್ತಿಯನ್ನು ಓಟಕ್ಕೆ ಸುರಿಸುತ್ತದೆ, ನಿಮಗೆ ಹಿಂಭಾಗದ ಫೋಟೊ ಉಳಿಯುತ್ತದೆ. ಹಿಮದಲ್ಲಿ ಎಕ್ಸ್‌ಪೋಷರ್ ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು, ಇಲ್ಲದಿದ್ದರೆ ಹಿಮ ಬೂದುಬಣ್ಣವಾಗಿ ಬರುತ್ತದೆ. ಹೆಚ್ಚುವರಿ ಬ್ಯಾಟರಿ ಮೈಗೆ ತಾಗುವ ಒಳಜೇಬಿನಲ್ಲಿರಲಿ. ಸಂಜೆ ಕೋಣೆಗೆ ಬಂದಾಗ ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಒಂದೆರಡು ಗಂಟೆ ಬಿಡಿ, ಬಿಸಿ ಕೋಣೆಯಲ್ಲಿ ತಕ್ಷಣ ತೆರೆದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ.

ನಮ್ಮ ಆಯ್ಕೆ ಕೇರ್ನ್‌ಗಾರ್ಮ್ಸ್. ಅದರ ಬುಡದ ಏವಿಮೋರ್ ಊರಿನಲ್ಲಿ ಮೂರು ರಾತ್ರಿ ಉಳಿದರೆ ಗಾಳಿ ಜೋರಾಗಿ ಬೆಟ್ಟ ಹತ್ತಲಾಗದ ದಿನ ಕೆಳಗಿನ ಪೈನ್ ಕಾಡಿನಲ್ಲಿ ಕೆಂಪು ಅಳಿಲು, ಕ್ರೆಸ್ಟೆಡ್ ಟಿಟ್ ಸಿಗುತ್ತವೆ. ಲಂಡನ್ ಯೂಸ್ಟನ್‌ನಿಂದ ಏವಿಮೋರ್‌ಗೆ ರಾತ್ರಿ ರೈಲೂ ಇದೆ. ಹಿಮದ ಬೆಟ್ಟ ಹತ್ತಿ ಗೊತ್ತಿಲ್ಲದವರು ಮೊದಲ ದಿನಕ್ಕಾದರೂ ಗೈಡ್ ಹಿಡಿಯಲಿ.

ನೀರುನಾಯಿ: ಮಲ್ ಅಥವಾ ಶೆಟ್ಲೆಂಡ್

ವರ್ಷದಲ್ಲಿ ಒಂದೇ ಒಂದು ದೊಡ್ಡ ಪ್ರವಾಸಕ್ಕೆ ಹಣವಿದ್ದರೆ ಅದನ್ನು ಇಲ್ಲಿಗೆ ಇಡಿ. ಇಂಗ್ಲೆಂಡಿನ ಹೊಳೆಗಳ ನೀರುನಾಯಿ ಬಹುಪಾಲು ರಾತ್ರಿ ತಿರುಗುತ್ತದೆ. ಸ್ಕಾಟ್ಲೆಂಡಿನ ಕಡಲತೀರದ್ದು ಹಗಲಿನಲ್ಲೇ ಮೀನು ಹಿಡಿಯುತ್ತದೆ.

ಮಲ್‌ಗೆ ಓಬನ್‌ನಿಂದ ಕ್ರೇಗ್ನ್ಯೂರ್‌ಗೆ ಮುಕ್ಕಾಲು ಗಂಟೆಯ ಫೆರಿ. ಬೇಸಿಗೆಯಲ್ಲಿ ಕಾರಿನ ಜಾಗ ಬೇಗ ತುಂಬುತ್ತದೆ, ಕೋಣೆ ಹುಡುಕುವ ಮುಂಚೆ ಫೆರಿ ಖಚಿತಪಡಿಸಿಕೊಳ್ಳಿ. ಲಾಕ್ ನ ಕೀಲ್, ಲಾಕ್ ಸ್ಕ್ರಿಡನ್ ಎಂಬ ಕಡಲ ಒಳಚಾಚುಗಳೆರಡರ ದಡದಲ್ಲೂ ರಸ್ತೆ ನೀರಿಗೆ ಅಂಟಿಕೊಂಡೇ ಸಾಗುತ್ತದೆ. ಇಳಿತದ ಹಿಂದುಮುಂದಿನ ಎರಡು ಗಂಟೆ ಹೆಚ್ಚು ಫಲ ಕೊಡುತ್ತವೆ, ನೀರು ತಗ್ಗಿದಾಗ ಕೆಲ್ಪ್ ಪಾಚಿಯ ಹಾಸು ಮೇಲಕ್ಕೆ ಬಂದು ನೀರುನಾಯಿಗೆ ಮೀನು ಸುಲಭವಾಗಿ ಎಟುಕುತ್ತದೆ. ಕಂಡ ಮೇಲೆ ಗಾಳಿ ನೋಡಿ. ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಬೇಕು, ಅದರ ಮೂಗು ಕಣ್ಣಿಗಿಂತ ಬಹಳ ಚುರುಕು. ಒಂದು ಮುಳುಗಿಗೆ 20ರಿಂದ 30 ಸೆಕೆಂಡ್. ಬಾಲ ನೀರೊಳಗೆ ಹೋದಾಗ ಎದ್ದು ಹತ್ತು ಹೆಜ್ಜೆ ಇಡಿ, ಹತ್ತು ಎಣಿಸಿ ಬಂಡೆಯ ಪಕ್ಕ ಮಲಗಿಬಿಡಿ. ನಿಮ್ಮ ಆಕಾರ ಆಕಾಶಕ್ಕೆ ಎದುರಾಗದಂತೆ ಬಂಡೆಯೇ ಹಿನ್ನೆಲೆಯಾಗಿರಲಿ. ಚಿಕ್ಕ ಮೀನನ್ನು ಅದು ತೇಲುತ್ತಲೇ ತಿಂದು ಮುಗಿಸುತ್ತದೆ. ಏಡಿಯೋ ದೊಡ್ಡ ಮೀನೋ ಸಿಕ್ಕರೆ ದಡಕ್ಕೆ ತರುತ್ತದೆ, ನೀವು ಕಾಯುತ್ತಿರುವುದು ಆ ಕ್ಷಣಕ್ಕೆ. 500–600 ಎಂಎಂ ಲೆನ್ಸ್ ಇಲ್ಲಿ ನಿಜಕ್ಕೂ ಬೇಕು. ಕೊಳ್ಳುವ ಬದಲು ಈ ಒಂದು ವಾರಕ್ಕೆ ಬಾಡಿಗೆಗೆ ತನ್ನಿ.

ಸಿಂಗಲ್ ಟ್ರ್ಯಾಕ್ ರಸ್ತೆಯ ‘ಪಾಸಿಂಗ್ ಪ್ಲೇಸ್’ಗಳು ಎದುರು ಬರುವ ವಾಹನಕ್ಕೆ ದಾರಿ ಬಿಡಲು ಇರುವಂಥವು, ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುವುದನ್ನು ಊರಿನವರು ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ.

ಶೆಟ್ಲೆಂಡಿಗೆ ಅಬರ್ಡೀನ್‌ನಿಂದ ಇಡೀ ರಾತ್ರಿಯ ಹಡಗು. ನೀರುನಾಯಿಗಳು ಅಲ್ಲಿ ಹೆಚ್ಚು, ಜನ ಕಡಿಮೆ. ಸಂಬರಾ ಹೆಡ್ ದೀಪಸ್ತಂಭದ ಗೋಡೆಯ ಪಕ್ಕದಲ್ಲೇ ಪಫಿನ್‌ಗಳು, ದೋಣಿಯ ಹಂಗಿಲ್ಲದೆ ರಾತ್ರಿ ಹತ್ತರ ಬೆಳಕಿನಲ್ಲೂ ತೆಗೆಯಬಹುದು. ಅದೃಷ್ಟವಿದ್ದರೆ ಓರ್ಕಾ ತಿಮಿಂಗಿಲ. ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಶೆಟ್ಲೆಂಡಿಗೆ ಪೂರ್ಣ ಅಂಕ, ಮೂರನೆಯದಕ್ಕೆ ಸೊನ್ನೆ. ಹತ್ತು ದಿನ ರಜೆ ಇದ್ದವರಿಗೆ ಶೆಟ್ಲೆಂಡ್. ಒಂದು ವಾರವಾದರೆ ಮಲ್, ಜೂನ್ ಮೊದಲಾರ್ಧದಲ್ಲಿ: ನೀರುನಾಯಿ, ಲುಂಗಾದ ಪಫಿನ್, ಉಲ್ವಾ ಫೆರಿಯಿಂದ ಹೊರಡುವ ದೋಣಿಯಲ್ಲಿ ಬಿಳಿಬಾಲದ ಕಡಲಹದ್ದು. ಈ ಹದ್ದು ಬ್ರಿಟನ್ನಿನಲ್ಲಿ ಪೂರ್ತಿ ಅಳಿದು, 1975ರಿಂದ ರಮ್ ದ್ವೀಪದಲ್ಲಿ ಮರಳಿ ಬಿಟ್ಟ ನಂತರ 1985ರಲ್ಲಿ ಮಲ್‌ನಲ್ಲೇ ಮೊದಲು ಮರಿ ಮಾಡಿತು. ದೋಣಿಯವರು ಎಸೆದ ಮೀನಿಗೆ ಎರಗುವಾಗ ಅದು ತೀರಾ ಹತ್ತಿರ ಬರುವುದರಿಂದ ಲೆನ್ಸನ್ನು 200–300ಕ್ಕೆ ಇಳಿಸಿಟ್ಟುಕೊಳ್ಳಿ, ಶಟರ್ 1/2500 ಸೆಕೆಂಡ್.

ಉಳಿದವು

ಮೀನಿಗೆ ಧುಮುಕುವ ಆಸ್ಪ್ರೆಯನ್ನು ಏವಿಮೋರ್ ಬಳಿಯ ರಾಥಿಮರ್ಕಸ್‌ನ ಹೈಡ್‌ನಲ್ಲೂ (ಅವಿತು ಕೂತು ಫೋಟೊ ತೆಗೆಯುವ ಗುಡಿಸಲು) ಇಂಗ್ಲೆಂಡಿನ ರಟ್ಲೆಂಡ್ ಸುತ್ತಲಿನ ಮೀನುಸಾಕಣೆ ಕೊಳದ ಹೈಡ್‌ನಲ್ಲೂ ತೆಗೆಯಬಹುದು. ಹೈಡ್‌ಗಳಿಗೆ ನೂರು ಪೌಂಡಿನ ಮೇಲೇ ಬೀಳುತ್ತದೆ, ಕತ್ತಲಲ್ಲೇ ಒಳಸೇರಬೇಕು. ಮರಿಗಳು ದೊಡ್ಡವಾಗಿ ಹೆಚ್ಚು ಮೀನು ಕೇಳುವ ಜುಲೈ ಉತ್ತಮ. ಲಂಡನ್ನಿನವರಿಗೆ ರಟ್ಲೆಂಡ್ ಸಾಕು. ರಾಥಿಮರ್ಕಸ್ ಆರಿಸಿದವರು ಅದರ ಜೊತೆಗೆ ಬ್ಲ್ಯಾಕ್ ಐಲ್‌ನ ಶಾನನ್ರಿ ಪಾಯಿಂಟನ್ನು ಸೇರಿಸಿಕೊಳ್ಳಲಿ, ಇಳಿತ ಮುಗಿದು ನೀರು ಏರತೊಡಗಿದ ಮೇಲೆ ಸಾಲ್ಮನ್ ಮೀನಿನ ಬೆನ್ನು ಹತ್ತಿ ಡಾಲ್ಫಿನ್‌ಗಳು ದಡದ ಹತ್ತಿರ ಬರುತ್ತವೆ, ದೋಣಿ ಬೇಡ.

ನಾರ್ಫೋಕ್‌ನ ಸ್ನೆಟಿಶಮ್‌ನಲ್ಲಿ ದೊಡ್ಡ ಉಬ್ಬರ ಕೆಸರುಬಯಲನ್ನು ಪೂರ್ತಿ ಮುಚ್ಚಿದಾಗ ಹತ್ತಾರು ಸಾವಿರ ನಾಟ್ ಹಕ್ಕಿಗಳು ಒಮ್ಮೆಲೇ ಮೇಲೇಳುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಮರುದಿನಗಳಲ್ಲಿ ಉಬ್ಬರ ದೊಡ್ಡದು. ವಾಶ್ ಕೊಲ್ಲಿಯಲ್ಲಿ ಈ ದೊಡ್ಡ ಉಬ್ಬರ ಬೆಳಿಗ್ಗೆ ಮತ್ತು ಸಂಜೆ ಆರರಿಂದ ಎಂಟರ ನಡುವೆಯೇ ಬರುತ್ತದೆ. ಸೂರ್ಯೋದಯವೂ ಅದೇ ಹೊತ್ತಿಗೆ ಬೀಳುವ ಸೆಪ್ಟೆಂಬರ್ ಕೊನೆಯ ಬೆಳಗುಗಳೇ ಆರಿಸಲು ಯೋಗ್ಯ. ಆರ್‌ಎಸ್‌ಪಿಬಿ ಎಂಬ ಪಕ್ಷಿಸಂರಕ್ಷಣಾ ಸಂಸ್ಥೆ ಇಂಥ ದಿನಗಳ ಪಟ್ಟಿ ಪ್ರಕಟಿಸುತ್ತದೆ.

ಸ್ಟಾರ್ಲಿಂಗ್ ಹಕ್ಕಿಗಳು ಸಂಜೆಯ ಆಕಾಶದಲ್ಲಿ ಗುಂಪಾಗಿ ಆಡುವ ನರ್ತನಕ್ಕೆ ಸಾಮರ್ಸೆಟ್‌ನ ಹ್ಯಾಮ್ ವಾಲ್ ಸುತ್ತ ಗುಂಪು ಬಹಳ ದೊಡ್ಡದು, ಆದರೆ ರಾತ್ರಿ ಇಳಿಯುವ ಜಾಗ ಬದಲಾಗುತ್ತಿರುತ್ತದೆ. ಬ್ರೈಟನ್ ಪಿಯರ್‌ನಲ್ಲಿ ಗುಂಪು ಚಿಕ್ಕದಾದರೂ ಇಳಿಯುವ ಜಾಗ ನಿಶ್ಚಿತ, ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ. ಮೊದಲ ಸಲಕ್ಕೆ ಬ್ರೈಟನ್, ಡಿಸೆಂಬರ್ ಅಥವಾ ಜನವರಿಯಲ್ಲಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ.

ಕಾನೂನು ಮತ್ತು ಉಣುಗು

ಕಬಿನಿ, ನಾಗರಹೊಳೆಯ ಸಫಾರಿ ರೂಢಿಯಾದವರಿಗೆ ಇಲ್ಲಿನ ಸ್ವಾತಂತ್ರ್ಯ ಆಶ್ಚರ್ಯ ತರಿಸುತ್ತದೆ: ಜೀಪಿಲ್ಲ, ನಿಗದಿತ ಪಾಳಿಯಿಲ್ಲ, ನಡೆದೇ ಹೋಗಬಹುದು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲ ಬಯಲಿನಲ್ಲೂ ನಡೆಯುವ ಹಕ್ಕಿದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿ ಮತ್ತು ಗುರುತಿಸಿದ ಬಯಲುಗಳಲ್ಲಿ ಮಾತ್ರ. ಆದರೆ ತಡೆಯುವ ಗಾರ್ಡ್ ಇಲ್ಲವೆಂದ ಮಾತ್ರಕ್ಕೆ ಕಾನೂನು ಇಲ್ಲವೆಂದಲ್ಲ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಹಕ್ಕಿಗಳನ್ನು (ಮಿಂಚುಳ್ಳಿ, ಕಣಜಗೂಬೆ, ಆಸ್ಪ್ರೆ, ಹದ್ದುಗಳು ಅದರಲ್ಲಿವೆ) ಗೂಡಿನ ಬಳಿ ಕದಲಿಸುವುದು ಅಪರಾಧ, ಗೂಡಿನ ಫೋಟೊಗೆ ಪರವಾನಗಿ ಬೇಕು. ಸ್ಕಾಟ್ಲೆಂಡಿನ ಕ್ಯಾಪರ್‌ಕೇಲಿ ಎಂಬ ದೊಡ್ಡ ಕಾಡುಹಕ್ಕಿ ಕೆಲವು ನೂರರ ಲೆಕ್ಕಕ್ಕೆ ಇಳಿದಿದೆ. ಅದನ್ನು ಹುಡುಕಿಕೊಂಡು ವಸಂತದಲ್ಲಿ ಕಾಡಿಗೆ ಹೋಗುವುದನ್ನು ಯೋಜನೆಯಿಂದಲೇ ತೆಗೆದುಹಾಕಿ.

ನಮ್ಮ ಕಾಡಿನಂತೆ ನೆಲದ ಜಿಗಣೆ ಇಲ್ಲ, ಉಣುಗು ಇದೆ. ರಿಚ್ಮಂಡಿನಲ್ಲೂ ಇದೆ. ಜರೀಗಿಡದ ನಡುವೆ ಕೂತೆದ್ದ ದಿನ ರಾತ್ರಿ ಮೊಣಕಾಲ ಹಿಂದೆ, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು, ಹಿಸುಕಬಾರದು. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಹರಡಿದರೆ ಲೈಮ್ ರೋಗವಿರಬಹುದು, ಡಾಕ್ಟರಿಗೆ ತೋರಿಸಿ.

ಯಾರಿಗೆ ಯಾವ ವರ್ಷ

ಲಂಡನ್, ರೆಡಿಂಗ್, ಸ್ಲೌ ಕಡೆ ಕೆಲಸದಲ್ಲಿದ್ದು ಕಾರಿಲ್ಲದವರಿಗೆ: ಜನವರಿಗೆ ಬ್ರೈಟನ್, ಮೇ ತಿಂಗಳಲ್ಲಿ ಬೆಂಪ್ಟನ್, ಜೂನ್ ಕೊನೆಗೆ ಫಾರ್ನ್, ಅಕ್ಟೋಬರಿನಲ್ಲಿ ಮಂಜು ಬಿದ್ದ ಬೆಳಗುಗಳೆಲ್ಲ ರಿಚ್ಮಂಡ್, ಫೆಬ್ರವರಿಗೆ ರಾತ್ರಿ ರೈಲಿನಲ್ಲಿ ಏವಿಮೋರ್. ರೈಲ್‌ಕಾರ್ಡ್ ಇದ್ದರೆ ಟಿಕೆಟ್ಟಿನಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತದೆ. ಎಡಿನ್‌ಬರೋ, ಗ್ಲಾಸ್ಗೋ ವಿದ್ಯಾರ್ಥಿಗಳು ಪಫಿನ್‌ಗೆ ದಕ್ಷಿಣಕ್ಕೆ ಹೋಗಬೇಕಿಲ್ಲ, ಆನ್‌ಸ್ಟ್ರದರ್‌ನಿಂದ ಐಲ್ ಆಫ್ ಮೇ ದ್ವೀಪಕ್ಕೆ ದೋಣಿ ಇದೆ. ನಾಲ್ಕು ಜನ ಸೇರಿ ಕಾರು ಬಾಡಿಗೆ ಹಿಡಿದರೆ ಮಲ್ ಕೈಗೆಟುಕುತ್ತದೆ. ಭಾರತದ ಲೈಸೆನ್ಸ್ 12 ತಿಂಗಳು ನಡೆಯುತ್ತದೆ, ರಸ್ತೆಯ ಎಡಗಡೆಯೇ ಓಡಿಸುವುದು.

ಬೆಂಗಳೂರಿನಿಂದ ಎರಡು ವಾರಕ್ಕೆ ಬರುವವರು ಜೂನ್ ಎರಡನೆಯ ವಾರ ಆರಿಸಲಿ. ಲಂಡನ್ನಿನಿಂದ ರೈಲಿನಲ್ಲಿ ಉತ್ತರಕ್ಕೆ ಹೊರಟು, ದಾರಿಯಲ್ಲಿ ಬೆಂಪ್ಟನ್ ಒಂದು ದಿನ, ಸೀಹೌಸಸ್ ಎರಡು ದಿನ, ಎಡಿನ್‌ಬರೋದಲ್ಲಿ ಕಾರು ತೆಗೆದುಕೊಂಡು ಮಲ್ ಐದು ದಿನ. ಬಿಡಿ ಲೀಥಿಯಂ ಬ್ಯಾಟರಿಗಳೆಲ್ಲ ಕೈಚೀಲದಲ್ಲಿ, ಚೆಕ್‌ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಬುಕಿಂಗ್ ಕ್ರಮ ಹೀಗಿರಲಿ: ಮೊದಲು ಸ್ಕೋಮರ್ ಹಾಸ್ಟೆಲ್ ಪ್ರಯತ್ನ, ಹಿಂದಿನ ವರ್ಷದ ಶರತ್ಕಾಲದಿಂದಲೇ ಪ್ರಕಟಣೆ ಗಮನಿಸುತ್ತ. ಅದು ತಪ್ಪಿದರೆ ಅದೇ ದಿನ ಮಲ್ ಕೋಣೆಗೆ ಹೊರಳಿ, ಫೆರಿ ಟಿಕೆಟ್ ಬಿಡುಗಡೆಯಾದ ಕೂಡಲೇ ಕಾರಿನ ಜಾಗ. ಮೂರನೆಯದು ಜುಲೈ ತಿಂಗಳ ಆಸ್ಪ್ರೆ ಹೈಡ್. ಸ್ನೆಟಿಶಮ್ ದಿನಗಳನ್ನು ಆ ವರ್ಷದ ಉಬ್ಬರದ ಪಟ್ಟಿ ನೋಡಿ ಕ್ಯಾಲೆಂಡರಿನಲ್ಲಿ ಗುರುತಿಸಿ, ಅದಕ್ಕೆ ಬುಕಿಂಗ್ ಬೇಡ. ರಿಚ್ಮಂಡ್, ಡೊನಾ ನುಕ್, ಬ್ರೈಟನ್ ಇವಕ್ಕೆ ಏನನ್ನೂ ಮುಂಗಡ ಮಾಡಬೇಡಿ, ಎರಡು ದಿನ ಮುಂಚೆ ಹವಾಮಾನ ನೋಡಿ ಹೊರಡಿ. ವರ್ಷದ ರಜೆಯಲ್ಲಿ ನಾಲ್ಕು ದಿನವನ್ನು ಯಾವುದಕ್ಕೂ ಹಂಚದೆ ಬಿಟ್ಟಿರಿ. ಗಾಳಿಗೆ ರದ್ದಾದ ದೋಣಿಯ ಬದಲು ಸಿಗುವ ದಿನಾಂಕಕ್ಕೆ ಅವು ಬೇಕಾಗುತ್ತವೆ.